ಹದಿನೆಂಟು ಟ್ಯೂಬು

ಬಿ.ಎಂ. ರಸ್ತೆಯ ಅಂಗಡಿಯಲ್ಲಿ ಭಂವರ್‌ಲಾಲ್
ಗಾಜಿನ ಮೇಲೆ ಮೂರು ಫಿಲ್ಟರು ಇಟ್ಟ, ಇಸ್ಪೀಟು ಹಾಕಿದ ಹಾಗೆ.
ಕಂಪನಿಯದು ನೂರಾ ನಲವತ್ತು, ಡಬ್ಬಿಗೆ ಮಿರುಗುವ ಚೀಟಿ.
ನಡುವಿನದು ಎಪ್ಪತ್ತೆರಡು, ಕೇಳಿದ ಹೆಸರಲ್ಲ, ಲುಧಿಯಾನದ್ದಂತೆ.
ಕೊನೆಯದಕ್ಕೆ ಡಬ್ಬಿಯೂ ಇಲ್ಲ. ಪ್ಲಾಸ್ಟಿಕ್ ಕವರು. ಮೂವತ್ತಾರು.
"ಎಲ್ಲಾ ಒಂದೇ, ಎಣ್ಣೆ ಸೋಸೋದು ತಾನೇ?"

ನನ್ನ ಲೆಕ್ಕ ರೂಪಾಯಲ್ಲಿ ನಡೆಯುವುದಿಲ್ಲ.
ದುದ್ದ, ಗೊರೂರು, ಶಾಂತಿಗ್ರಾಮ ಸುತ್ತಿ
ಊರವರ ರಕ್ತ ತಂದು ಹಾಸನದ ಲ್ಯಾಬಿಗೆ ಒಪ್ಪಿಸುವವನು,
ಟ್ಯೂಬಿಗೆ ನಾಲ್ಕು ರೂಪಾಯಿ, ಪೆಟ್ರೋಲು ನನ್ನದೇ.
ಕಂಪನಿ ಫಿಲ್ಟರೆಂದರೆ ಮೂವತ್ತೈದು ಜನರ ತೋಳು.
ನಡುವಿನದು ಹದಿನೆಂಟು.
ಕವರಿನದು ಒಂಬತ್ತೇ ಒಂಬತ್ತು,
ಕಾಫಿಗೆ ಮುಂಚೆ ದುಡಿದುಬಿಡಬಹುದು.

ಹೋದ ಸಲ ಒಂಬತ್ತರದ್ದೇ ಹಾಕಿಸಿದ್ದೆ.

ದುದ್ದ ಬಿಟ್ಟು ನಾಲ್ಕು ಕಿಲೋಮೀಟರಿಗೆ
ಗಾಡಿ ಒಮ್ಮೆ ಬಿಕ್ಕಿತು, ಹಿಂದಿನ ಚಕ್ರ ಕಚ್ಚಿಕೊಂಡು ನಿಂತಿತು.
ಬೆನ್ನಿಗೆ ಐಸು ಡಬ್ಬಿ, ಅದರೊಳಗೆ ಇಪ್ಪತ್ತೆರಡು ಜನ,
ಮೇಲೆ ಹನ್ನೊಂದರ ಬಿಸಿಲು.
ಆಲೂಗಡ್ಡೆ ಟ್ರ್ಯಾಕ್ಟರಿನವನು ಮೂಟೆ ಮೇಲೆ ಕೂರಿಸಿಕೊಂಡ,
ಡಬ್ಬಿ ತಬ್ಬಿಕೊಂಡು ಗುಂಡಿ ಗುಂಡಿಗೂ ಎಗರುತ್ತ ಬಂದೆ.
ಲ್ಯಾಬಿನ ಫಿಲೋಮಿನಾ ಒಂದೊಂದೇ ಬೆಳಕಿಗೆ ಹಿಡಿದು
"ಏಳು ಒಡೆದುಹೋಗಿದೆ" ಅಂದರು.
ರಕ್ತವೂ ಒಡೆಯುತ್ತದೆ, ಹಾಲಿನ ಹಾಗೆ.

ಮಾರನೆ ಬೆಳಿಗ್ಗೆ ಹೊನ್ನಜ್ಜಿಯ ಬಾಗಿಲಲ್ಲಿ ನಿಂತೆ.
ರಾತ್ರಿಯಿಂದ ಉಪವಾಸವಿದ್ದು ಕೊಟ್ಟ ರಕ್ತ ಅವಳದು.
ಬೈಯಲಿಲ್ಲ. ಇನ್ನೊಂದು ತೋಳು ಚಾಚಿ ಅಂದಳು:
"ಈಸಲದ್ದು ಕಡ ಅಂತ ಬರ್ಕೊ ಮಗ. ಬಡ್ಡಿ ಬ್ಯಾಡ."

ತಪ್ಪು ಫಿಲ್ಟರಿನದೇ ಎಂದು ಹೇಳಲೂ ಬಾರದು.
ಇಂಜಿನು ಬಿಚ್ಚಿದ ಜಬೀವುಲ್ಲಾ
"ಪೇಪರು ಹರಿದಿದೆ, ಸರಿ. ಆಯಿಲ್ ಬದಲಾಯಿಸದೆ
ಏಳು ಸಾವಿರ ಓಡಿಸಿದ್ದು ಫಿಲ್ಟರಾ, ನೀನಾ?" ಎಂದ.
ಬಿಲ್ಲನ್ನು ನಾಲ್ಕರಿಂದ ಭಾಗಿಸುವ ಧೈರ್ಯ ನನಗಾಗಲಿಲ್ಲ.

ಅವನೇ ಹೇಳಿಕೊಟ್ಟದ್ದು:
ಹೆಸರು ನೋಡಬೇಡ, ನಿರಿಗೆ ನೋಡು, ರಬ್ಬರು ನೋಡು.
ಅದಕ್ಕೇ ಭಂವರ್‌ಲಾಲನ ಮುಖ ಸಣ್ಣಗಾಗುತ್ತಿದ್ದರೂ
ಪೇಪರಿನ ನಿರಿಗೆ ಎಣಿಸುತ್ತ ನಿಂತೆ.
ಕಂಪನಿಯದಕ್ಕೆ ನಲವತ್ತೆಂಟು, ನಡುವಿನದಕ್ಕೆ ನಲವತ್ತೈದು.
ಕವರಿನದಕ್ಕೆ ಇಪ್ಪತ್ತೊಂಬತ್ತು; ಅದೂ ಬಸ್ಸು ಬಂತೆಂದು
ಅವಸರದಲ್ಲಿ ಉಟ್ಟ ಸೀರೆ, ಒಂದು ಅಗಲ, ಒಂದು ಮೋಟು.
ಆಮೇಲೆ ರಬ್ಬರಿನ ಅಂಚಿಗೆ ಉಗುರೊತ್ತಿದೆ.
ಕಂಪನಿಯದು ತಕ್ಷಣ ಉಬ್ಬಿತು.
ನಡುವಿನದು ಒಂದು ಉಸಿರು ತಡೆದು ಉಬ್ಬಿತು.
ಕವರಿನದರಲ್ಲಿ ಗುಳಿ ಹಾಗೇ ಉಳಿಯಿತು,
ಡಾಕ್ಟರು ಹೊನ್ನಜ್ಜಿಯ ಪಾದಕ್ಕೆ ಹೆಬ್ಬೆರಳೊತ್ತಿ ತೆಗೆದಾಗ
ಉಳಿದಿತ್ತಲ್ಲ, ಹಾಗೆ.
ಆಗಲೇ ಅವರು ಚೀಟಿಯಲ್ಲಿ ಕ್ರಿಯಾಟಿನಿನ್ ಎಂದು ಬರೆದದ್ದು.

"ಹದಿನೆಂಟರದ್ದು ಕೊಡಿ" ಅಂದೆ. ಅವನಿಗೆ ಅರ್ಥವಾಗಲಿಲ್ಲ.
ಎಪ್ಪತ್ತೈದು ಕೊಟ್ಟರೆ ಚಿಲ್ಲರೆಗೆ ಬದಲು ಒಂದು ವಾಷರು ಕೊಟ್ಟ.

ಎರಡೂವರೆ ಸಾವಿರ ಕಿಲೋಮೀಟರು ಕಳೆದು ಇವತ್ತು
ಜಬೀವುಲ್ಲಾ ಅದನ್ನು ಬ್ಲೇಡಿನಲ್ಲಿ ಸೀಳಿದ,
ನಿರಿಗೆ ಬಿಡಿಸಿ ಹಳೆ ಪತ್ರಿಕೆಯ ಮೇಲೆ ಹರಡಿದ.
ಆಲೂಗಡ್ಡೆ ಧಾರಣೆಯ ಅಂಕಿಗಳಿಗೆ ಎಣ್ಣೆ ಕಪ್ಪಗೆ ಇಳಿಯಿತು.
ಟಾರ್ಚು ಬಿಟ್ಟು ಬಗ್ಗಿದ. ನಾನೂ ಬಗ್ಗಿದೆ.
ಒಂದು ಚೂರು ಮಿಂಚು, ಲೋಹದ ಒಂದು ಸಾಸಿವೆಯಷ್ಟು ಮಿಂಚು
ಹುಡುಕುತ್ತಿದ್ದೆವು ಇಬ್ಬರೂ,
ಸಿಗದಿರಲಿ ಎಂದುಕೊಳ್ಳುತ್ತ.

ಪಕ್ಕದಲ್ಲಿ ಖಾಲಿ ಐಸು ಡಬ್ಬಿ, ಬಾಯಿ ತೆರೆದು ಒಣಗುತ್ತಿತ್ತು.
ಹೊನ್ನಜ್ಜಿಯ ರಿಪೋರ್ಟು
ಸಂಜೆ ಐದಕ್ಕೆ ಅಂದಿದ್ದಾರೆ.